ಎರಡೇ ಗೋಡೆಯ ಮನೆ

(ಸಿನಿಮಾ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಫೋಟೋ ನೋಡಿ. ಹಳೆಯ ಕಾಲದ ಒಂದು ಮರದ ಮನೆ. ಕೆಂಪು ಬಣ್ಣ, ಅಲ್ಲಲ್ಲಿ ಮಾಸಿದೆ. ಮುಂದೆ ವರಾಂಡ, ಎತ್ತರದ ಕಿಟಕಿಗಳು. ಹಿಂದೆ ಕಾಣುತ್ತಿರುವುದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್, ಅದರಾಚೆ ಮುಗಿಲೆತ್ತರದ ಕಟ್ಟಡಗಳು. ಈ ಮನೆ ನಿಂತಿರುವುದು ನೆಲದ ಮೇಲಲ್ಲ. ಮೆಟ್ರೋಪಾಲಿಟನ್ ಮ್ಯೂಸಿಯಂ ಎಂಬ ದೊಡ್ಡ ವಸ್ತುಸಂಗ್ರಹಾಲಯದ ತಾರಸಿಯ ಮೇಲೆ.

2016ರ ಬೇಸಿಗೆಯಲ್ಲಿ ನಾನು ಅಲ್ಲಿದ್ದೆ. ಲಿಫ್ಟಿನಿಂದ ಹೊರಗೆ ಬಂದರೆ ಬಿಸಿಲು. ಜನ ಆರಾಮಾಗಿ ತಿರುಗಾಡುತ್ತಿದ್ದಾರೆ, ಫೋಟೋ ತೆಗೆಯುತ್ತಿದ್ದಾರೆ. ಅವರ ನಡುವೆ ಈ ಮನೆ. ನೋಡಿದ ತಕ್ಷಣ ಗುರುತು ಸಿಕ್ಕಿತು. ಈ ಮನೆಯನ್ನು ನಾನು ಮೂವತ್ತು ವರ್ಷದಿಂದ ಬಲ್ಲೆ, ಕಪ್ಪುಬಿಳುಪಿನಲ್ಲಿ. ನಿರ್ದೇಶಕ ಹಿಚ್‌ಕಾಕ್ ಅವರ 'ಸೈಕೋ' ಸಿನಿಮಾದ ಮನೆ ಅದು.

ಸ್ವಲ್ಪ ಹೊತ್ತು ಮುಂದೆ ನಿಂತು, ಆಮೇಲೆ ಪಕ್ಕಕ್ಕೆ ನಡೆದು ಹಿಂದೆ ಹೋದೆ. ಹಿಂದೆ ಮನೆಯೇ ಇಲ್ಲ! ಎರಡು ಗೋಡೆ ಮಾತ್ರ. ಅವು ಬೀಳದ ಹಾಗೆ ಕಬ್ಬಿಣದ ಪೈಪುಗಳ ಸಾರವೆ ಕಟ್ಟಿದ್ದಾರೆ. ಅದನ್ನು ಮುಚ್ಚಿಡಲು ಯಾರೂ ಪ್ರಯತ್ನ ಪಟ್ಟಿಲ್ಲ. ಯಾರು ಬೇಕಾದರೂ ಹೋಗಿ ನೋಡಬಹುದು.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಹಿಂಬದಿಯ ಬಗ್ಗೆ.

ಕಲಾಕೃತಿಯ ಹೆಸರು 'ಟ್ರಾನ್ಸಿಷನಲ್ ಆಬ್ಜೆಕ್ಟ್ (ಸೈಕೋಬಾರ್ನ್)'. ಮಾಡಿದವರು ಇಂಗ್ಲೆಂಡಿನ ಕಲಾವಿದೆ ಕಾರ್ನೆಲಿಯಾ ಪಾರ್ಕರ್. ಆ ವರ್ಷ ಏಪ್ರಿಲ್ 19ರಿಂದ ಅಕ್ಟೋಬರ್ 31ರವರೆಗೆ ಅದು ಅಲ್ಲಿತ್ತು. ಎತ್ತರ ಹೆಚ್ಚುಕಡಿಮೆ 30 ಅಡಿ. ನಿಜವಾದ ಮನೆಗಿಂತ ಸ್ವಲ್ಪ ಚಿಕ್ಕದು. ಅಲ್ಲಿ ನಿಂತಾಗ ಇದು ಗೊತ್ತಾಗುವುದಿಲ್ಲ, ಆದರೆ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸುತ್ತಿರುತ್ತದೆ.

ಸಿನಿಮಾ ನೋಡದವರು ಕೆಲವರಾದರೂ ಇಲ್ಲಿ ಇರಬಹುದು. ಅದರ ಗುಟ್ಟು ಹೇಳದೆ ಈ ಮಾತು ಮುಂದೆ ಹೋಗುವುದಿಲ್ಲ, ಕ್ಷಮಿಸಿ. 1960ರ ಚಿತ್ರ. ಮರಿಯನ್ ಕ್ರೇನ್ ಎಂಬ ಹೆಣ್ಣುಮಗಳು ಕೆಲಸ ಮಾಡುವ ಕಡೆ 40,000 ಡಾಲರ್ ಕದ್ದು ಓಡುತ್ತಾಳೆ. ಮಳೆಯ ರಾತ್ರಿ ಹೆದ್ದಾರಿಯಿಂದ ದೂರ ಉಳಿದ ಒಂದು ಮೋಟೆಲಿಗೆ ಬಂದು ಸೇರುತ್ತಾಳೆ. ನಡೆಸುವವನು ನಾರ್ಮನ್ ಬೇಟ್ಸ್, ನಾಚಿಕೆ ಸ್ವಭಾವದ ಹುಡುಗ. ಮೋಟೆಲಿನ ಹಿಂದೆ ಗುಡ್ಡದ ಮೇಲೆ ಅವನ ಮನೆ. ಮರಿಯನ್ ಕಾರಿನಿಂದ ಇಳಿದು ಮೇಲೆ ನೋಡಿದಾಗ ಮಹಡಿಯ ಕಿಟಕಿಯಲ್ಲಿ ಒಬ್ಬ ಹೆಂಗಸಿನ ನೆರಳು ಹಾದುಹೋಗುತ್ತದೆ. ನಾರ್ಮನ್‌ನ ತಾಯಿ. ಆ ರಾತ್ರಿ ಸ್ನಾನ ಮಾಡುತ್ತಿದ್ದಾಗ ಮರಿಯನ್ ಕೊಲೆಯಾಗುತ್ತಾಳೆ. ತಾಯಿ ಸತ್ತು ವರ್ಷಗಳಾಗಿವೆ, ಮಗನೇ ಅವಳನ್ನು ಕೊಂದಿದ್ದ, ಹೆಣವನ್ನು ಕೆಡದ ಹಾಗೆ ಇಟ್ಟುಕೊಂಡಿದ್ದ, ಅವಳ ಬಟ್ಟೆ ತೊಟ್ಟು ಅವಳೇ ಆಗಿ ಕೊಲ್ಲುತ್ತಿದ್ದ ಎಂಬುದು ಕೊನೆಗೆ ತಿಳಿಯುತ್ತದೆ.

ಸ್ನಾನದ ಮನೆಯ ದೃಶ್ಯದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದನ್ನು ಚಿತ್ರೀಕರಿಸಲು ಒಂದು ವಾರ ಹಿಡಿಯಿತು. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯ ಬಳಸಿ ಸಂಗೀತ ಮಾಡಿದರು, ಆ ಕಿರುಚು ಇಂದಿಗೂ ಕಿವಿಯಲ್ಲಿದೆ. ಅದು ಸರಿಯೇ. ಆದರೆ ನನ್ನ ಮಟ್ಟಿಗೆ ಈ ಚಿತ್ರದ ನಿಜವಾದ ಪಾತ್ರ ಆ ಮನೆ.

ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆ 1962ರಲ್ಲಿ ನಡೆದ ದೊಡ್ಡ ಮಾತುಕತೆಯಲ್ಲಿ ಹಿಚ್‌ಕಾಕ್ ಒಂದು ಸರಳ ವಿಷಯ ಹೇಳಿದ್ದಾರೆ. ಮನೆ ನೆಟ್ಟಗೆ ನಿಂತಿದೆ, ಮೋಟೆಲ್ ಅಡ್ಡಡ್ಡ ಮಲಗಿದೆ. ಇಷ್ಟೇ. ಒಮ್ಮೆ ಇದನ್ನು ಕೇಳಿದ ಮೇಲೆ ಸಿನಿಮಾ ನೋಡಿದರೆ ಬೇರೆಯೇ ಆಗಿ ಕಾಣುತ್ತದೆ. ಕೆಳಗೆ ಮೋಟೆಲಿನಲ್ಲಿ ಮಗ, ಮೇಲೆ ಮನೆಯಲ್ಲಿ ತಾಯಿ. ಮಗ ಎಲ್ಲಿ ನಿಂತರೂ ತಾಯಿಯ ಕಿಟಕಿ ಅವನ ತಲೆಯ ಮೇಲೆ. ಅವನು ಓಡಾಡುವುದೆಲ್ಲ ಆ ನೋಟದ ಕೆಳಗೆ. ಅವನು ಅವಳನ್ನು ಮಹಡಿಯಿಂದ ಎತ್ತಿ ನೆಲಮಾಳಿಗೆಗೆ ಇಳಿಸಿದರೂ ಪ್ರಯೋಜನವಾಗುವುದಿಲ್ಲ. ಮನೆ ಹೇಗೆ ತಿರುಗಿದರೂ ಅವಳದೇ.

ಈ ಮನೆಗೂ ಒಂದು ಮೂಲವಿದೆ. ಎಡ್ವರ್ಡ್ ಹಾಪರ್ 1925ರಲ್ಲಿ ಬರೆದ 'ಹೌಸ್ ಬೈ ದಿ ರೈಲ್‌ರೋಡ್' ಎಂಬ ಚಿತ್ರ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೋಮಾ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡ ಮೊದಲ ವರ್ಣಚಿತ್ರ ಅದೇ, 1930ರಲ್ಲಿ. ಒಂದು ಒಂಟಿ ಮನೆ, ಎದುರಿಗೆ ರೈಲು ಹಳಿ. ಗಿಡವಿಲ್ಲ, ಮನುಷ್ಯರಿಲ್ಲ. ಹಳಿ ಮನೆಯ ಬುಡವನ್ನೇ ಕತ್ತರಿಸಿದ ಹಾಗೆ ಹಾದುಹೋಗಿದೆ. ರೈಲು ಬಂತು, ಊರು ಬದಲಾಯಿತು, ಮನೆ ಹಾಗೇ ಉಳಿಯಿತು. ಸಿನಿಮಾದಲ್ಲೂ ಕಥೆ ಇದೇ ಅಲ್ವಾ? ಹೊಸ ಹೆದ್ದಾರಿ ಬೇರೆ ಕಡೆ ಹೋಗಿದೆ, ಈ ಮೋಟೆಲಿಗೆ ಈಗ ಯಾರೂ ಬರುವುದಿಲ್ಲ. ಹಾಪರ್ ಚಿತ್ರದಲ್ಲಿ ಬರೀ ಒಂಟಿತನ ಇತ್ತು. ಹಿಚ್‌ಕಾಕ್ ಅದರೊಳಗೆ ಒಬ್ಬ ತಾಯಿಯನ್ನು ಕೂರಿಸಿದರು.

ಇನ್ನು ಹಕ್ಕಿಗಳು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೋಟೆಲಿನ ಆಫೀಸಿನ ಹಿಂದಿನ ಕೋಣೆಯಲ್ಲಿ ನಾರ್ಮನ್ ಮರಿಯನ್‌ಗೆ ಊಟ ಕೊಡುತ್ತಾನೆ. ಗೋಡೆ ತುಂಬ ಸತ್ತ ಹಕ್ಕಿಗಳು, ಒಳಗೆ ತುಂಬಿ ಜೀವಂತ ಇರುವ ಹಾಗೆ ನಿಲ್ಲಿಸಿದವು. ಗೂಬೆ ರೆಕ್ಕೆ ಬಿಚ್ಚಿದೆ. ಇದು ಅವನ ಹವ್ಯಾಸ. ಮೈಸೂರಿನವರಿಗೆ ಈ ಕೆಲಸ ಹೊಸದಲ್ಲ. ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಹುಲಿ, ಚಿರತೆಗಳನ್ನು ಹೀಗೆ ಮಾಡಿಕೊಡುವುದರಲ್ಲಿ ಜಗತ್ತಿಗೇ ಹೆಸರಾಗಿತ್ತು. ಆದರೆ ನಾರ್ಮನ್ ಪ್ರಾಣಿಗಳನ್ನು ಮುಟ್ಟುವುದಿಲ್ಲ, ಹಕ್ಕಿಗಳನ್ನು ಮಾತ್ರ. ಹಕ್ಕಿಗಳು ಮೊದಲೇ ಸುಮ್ನೆ ಇರುವ ಜೀವಗಳು, ಆದ್ದರಿಂದ ತುಂಬಿಟ್ಟರೆ ಚೆನ್ನಾಗಿ ಕಾಣುತ್ತವೆ ಎಂಬ ಅರ್ಥದಲ್ಲಿ ಹೇಳುತ್ತಾನೆ. ಎದುರಿಗೆ ಕೂತವಳ ಹೆಸರು ಕ್ರೇನ್, ಅಂದರೆ ಕೊಕ್ಕರೆ ಜಾತಿಯ ಒಂದು ಹಕ್ಕಿ. ಅವಳು ಹಕ್ಕಿ ಹಾಗೆ ತಿನ್ನುತ್ತಾಳೆ ಅಂತಲೂ ಅನ್ನುತ್ತಾನೆ. ಮಾತು ಮೆಲ್ಲಗಿದೆ, ಹುಡುಗ ಒಳ್ಳೆಯವನೇ ಅನ್ನಿಸುತ್ತದೆ. ಗೂಬೆಯ ನೆರಳು ಮಾತ್ರ ಅವನ ಹಿಂದೆಯೇ ಇದೆ.

ಈ ದೃಶ್ಯ ನೋಡಿದಾಗಲೆಲ್ಲ ನನಗೆ ನಮ್ಮ ಅಜ್ಜಿಯ ಮನೆಯ ಕೊಟ್ಟಿಗೆ ನೆನಪಾಗುತ್ತದೆ. ಹಸು ಕರು ಹಾಕಿ, ಆ ಕರು ಸತ್ತುಹೋದರೆ ಹಸು ಹಾಲು ಇಳಿಸುತ್ತಿರಲಿಲ್ಲ. ಆಗ ಸತ್ತ ಕರುವಿನ ಚರ್ಮದೊಳಗೆ ಹುಲ್ಲು ತುಂಬಿ ಹೊಲಿದು ಹಸುವಿನ ಮುಂದೆ ನಿಲ್ಲಿಸುತ್ತಿದ್ದರು. ಹಸು ಅದನ್ನು ನೆಕ್ಕುತ್ತಿತ್ತು. ನೆಕ್ಕುತ್ತಾ ನೆಕ್ಕುತ್ತಾ ಹಾಲು ಇಳಿಸುತ್ತಿತ್ತು. ಚಿಕ್ಕವನಿದ್ದಾಗ ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹಸುವಿಗೆ ಗೊತ್ತಿಲ್ಲವೇ? ಅಥವಾ ಗೊತ್ತಿದ್ದೂ ನೆಕ್ಕುತ್ತಿದೆಯೇ? ಅಜ್ಜಿಯನ್ನು ಕೇಳಿದೆ. ಅಜ್ಜಿ ಉತ್ತರ ಕೊಡಲಿಲ್ಲ, "ಒಳಗೆ ಹೋಗು ಮಗ" ಅಂದರು.

ಸಿನಿಮಾದಲ್ಲಿ ಇದು ತಿರುಗುಮುರುಗು. ಅಲ್ಲಿ ತುಂಬಿಟ್ಟಿರುವುದು ತಾಯಿಯನ್ನು, ಮುಂದೆ ನಿಂತಿರುವುದು ಮಗು. ನಾರ್ಮನ್‌ನನ್ನು ಬರೀ ಕೊಲೆಗಾರ ಅಂತ ನೋಡಲು ನನಗೆ ಯಾವತ್ತೂ ಆಗಿಲ್ಲ. ಅವನ ಕೈಯಲ್ಲಿ ಸತ್ತವರ ಮೇಲೆ ನನಗೆ ಮರುಕವಿದೆ. ಆದರೂ ಆ ಕೊಟ್ಟಿಗೆಯನ್ನು ಕಂಡಿದ್ದವನು ಅವನನ್ನು ಪೂರ್ತಿ ದೂರ ಇಡಲಾರ.

ಚಿತ್ರದಲ್ಲಿ ಇನ್ನೂ ಗುರುತುಗಳಿವೆ, ಬೇಗ ಹೇಳಿಬಿಡುತ್ತೇನೆ. ಹಣ ಕದಿಯುವ ಮೊದಲು ಮರಿಯನ್‌ಳ ಒಳ ಉಡುಪು ಬಿಳಿ, ಕದ್ದ ಮೇಲೆ ಕಪ್ಪು. ಕನ್ನಡಿಗಳು ಎಲ್ಲೆಲ್ಲೂ. ನಾರ್ಮನ್ ಪಕ್ಕದ ಕೋಣೆಯೊಳಗೆ ಇಣುಕುವ ತೂತನ್ನು ಮುಚ್ಚಿರುವುದು ಒಂದು ಚಿತ್ರಪಟ. ಸ್ನಾನ ಮಾಡುವ ಸುಸಾನಳನ್ನು ಮುದುಕರು ಕದ್ದು ನೋಡುವ ಬೈಬಲಿನ ಕಾಲದ ಕಥೆ ಅದರಲ್ಲಿದೆ. ಅವನು ಅದನ್ನೇ ಸರಿಸಿ ನೋಡುತ್ತಾನೆ. ಜೊತೆಗೆ ನಾವೂ ನೋಡುತ್ತೇವೆ.

ಪಾರ್ಕರ್ ಈ ಸಣ್ಣ ಗುರುತುಗಳಲ್ಲಿ ಒಂದನ್ನೂ ಮುಟ್ಟಲಿಲ್ಲ. ಹಕ್ಕಿ ಇಲ್ಲ, ಚಾಕು ಇಲ್ಲ, ಸ್ನಾನದ ಪರದೆ ಇಲ್ಲ. ಬೇರೆ ಕಲಾವಿದರಾದರೆ ಅವೇ ಕಣ್ಣಿಗೆ ಬೀಳುತ್ತಿದ್ದವು. ಅವರು ಮನೆಯನ್ನು ಮಾತ್ರ ಎತ್ತಿಕೊಂಡರು. ಅದು ಸರಿಯಾದ ಆಯ್ಕೆ ಅಂತ ನಾನು ನಂಬಿದ್ದೇನೆ, ಯಾಕೆಂದರೆ ಉಳಿದೆಲ್ಲ ಗುರುತುಗಳು ಆ ಮನೆಯೊಳಗೇ ಇವೆ.

ಪಾರ್ಕರ್ ಹಿಂದೆ ಏನು ಮಾಡಿದ್ದರು ಅಂತ ತಿಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1991ರಲ್ಲಿ ಅವರು ತೋಟದ ಸಾಮಾನು ಇಡುವ ಒಂದು ಮರದ ಗೂಡನ್ನು, ಒಳಗಿನ ಹಳೆಯ ಸಾಮಾನುಗಳ ಸಮೇತ, ಬ್ರಿಟಿಷ್ ಸೈನ್ಯದವರ ಕೈಯಲ್ಲಿ ಸ್ಫೋಟಿಸಿದರು. ಚೂರುಗಳನ್ನೆಲ್ಲ ಆಯ್ದು ತಂದು, ಒಂದು ಕೋಣೆಯಲ್ಲಿ ದಾರಕ್ಕೆ ತೂಗುಹಾಕಿ, ನಡುವೆ ಒಂದು ಬಲ್ಬ್ ಹಚ್ಚಿದರು. ಸ್ಫೋಟ ಗಾಳಿಯಲ್ಲೇ ನಿಂತುಬಿಟ್ಟ ಹಾಗೆ. ಆ ಕೃತಿ ಈಗ ಲಂಡನ್ನಿನ ಟೇಟ್ ಎಂಬ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಬೆಳ್ಳಿಯ ತಟ್ಟೆ, ಚಮಚಗಳನ್ನು ರೋಡ್ ರೋಲರ್ ಕೆಳಗೆ ಹಾಕಿ ಚಪ್ಪಟೆ ಮಾಡಿಯೂ ಒಂದು ಕೃತಿ ಮಾಡಿದ್ದಾರೆ. ಹೊಸ ವಸ್ತು ಅವರಿಗೆ ಬೇಡ. ಬದುಕಿ ಬಾಳಿದ ವಸ್ತುವೇ ಬೇಕು, ಅದನ್ನು ಒಡೆದು ಇನ್ನೊಂದು ರೂಪಕ್ಕೆ ತರಬೇಕು.

ನ್ಯೂಯಾರ್ಕಿನ ಈ ಮನೆಯೂ ಹಾಗೆಯೇ. ನ್ಯೂಯಾರ್ಕ್ ರಾಜ್ಯದ ಸ್ಕೋಹಾರಿ ಎಂಬಲ್ಲಿ ಕೆಡವುವುದಕ್ಕಿದ್ದ ಒಂದು ಹಳೆಯ ಬಾರ್ನ್ ಸಿಕ್ಕಿತು. ಬಾರ್ನ್ ಅಂದರೆ ಅಮೆರಿಕದ ರೈತರು ಹುಲ್ಲು, ದನ, ಸಲಕರಣೆ ಇಡುವ ದೊಡ್ಡ ಮರದ ಕಟ್ಟಡ. ಅದರ ಹಲಗೆಗಳಿಂದ ಈ ಮನೆಯ ಗೋಡೆ ಮಾಡಿದರು, ಅದರ ತಗಡಿನಿಂದ ಸೂರು. ಒಂದು ಸಾಚಾ ಹಳ್ಳಿಯ ಕಟ್ಟಡ, ದೇಶಕ್ಕೆಲ್ಲ ನಂಬಿಕೆಯ ಚಿತ್ರ. ಅದನ್ನು ಬಿಚ್ಚಿ, ಅದೇ ಮರದಿಂದ ಅದೇ ದೇಶದ ಅತಿ ಭಯದ ಮನೆ ಕಟ್ಟಿದರು. ಒಂದು ಹಲಗೆಯೂ ಬದಲಾಗಿಲ್ಲ.

ಬಣ್ಣವನ್ನೂ ಹಾಗೇ ಉಳಿಸಿದರು. ಅಮೆರಿಕದ ಬಾರ್ನ್‌ಗಳು ಕೆಂಪಗಿರುವುದು ಅಗಸೆ ಎಣ್ಣೆಯಲ್ಲಿ ಕಬ್ಬಿಣದ ತುಕ್ಕಿನ ಪುಡಿ ಕಲಸಿ ಬಳಿಯುತ್ತಿದ್ದುದರಿಂದ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲದ ಕೆಂಪೂ ಅದೇ ಕಬ್ಬಿಣದ ಕೆಂಪು. ಬಡವರ ಬಣ್ಣ, ಮಣ್ಣಿನ ಬಣ್ಣ.

ಈಗ ಸಿನಿಮಾ ನೆನಪಿಸಿಕೊಳ್ಳಿ. ಹಿಚ್‌ಕಾಕ್ ಬೇಕೆಂದೇ ಕಪ್ಪುಬಿಳುಪಿನಲ್ಲಿ ತೆಗೆದರು. ಖರ್ಚು ಕಡಿಮೆ ಎಂಬುದು ಒಂದು ಕಾರಣ, ರಕ್ತ ಕೆಂಪಗೆ ಕಾಣಬಾರದು ಎಂಬುದು ಇನ್ನೊಂದು. ಸ್ನಾನದ ತೊಟ್ಟಿಯಲ್ಲಿ ಹರಿದುಹೋಗುವುದು ಚಾಕೊಲೇಟ್ ಸಿರಪ್. ಹೀಗೆ ಇಡೀ ಚಿತ್ರದಿಂದ ಕೆಂಪನ್ನು ತೆಗೆದುಹಾಕಲಾಗಿತ್ತು. 56 ವರ್ಷಗಳ ನಂತರ ಆ ಕೆಂಪು ಮನೆಯ ಗೋಡೆಗೆ ಬಂದು ಕೂತಿತು. ಪಾರ್ಕರ್ ಹಚ್ಚಿದ್ದಲ್ಲ, ಮರದಲ್ಲೇ ಇದ್ದದ್ದು. ತಾರಸಿಯ ಮೇಲೆ ನಿಂತಾಗ ನನ್ನ ಮೈ ಜುಂ ಎಂದದ್ದು ಇದಕ್ಕೇ. ಯಾರೋ ಬಚ್ಚಿಟ್ಟಿದ್ದನ್ನು ಬಿಸಿಲಿಗೆ ತಂದಿಟ್ಟ ಹಾಗಿತ್ತು.

ಹೆಸರಿಗೆ ಬರೋಣ. ಟ್ರಾನ್ಸಿಷನಲ್ ಆಬ್ಜೆಕ್ಟ್. ಇದು ಡಿ. ಡಬ್ಲ್ಯು. ವಿನಿಕಾಟ್ ಎಂಬ ಇಂಗ್ಲಿಷ್ ಮಕ್ಕಳ ವೈದ್ಯರ ಮಾತು. ಅವರು ಮನೋವಿಶ್ಲೇಷಕರೂ ಹೌದು. ಹಸುಗೂಸಿಗೆ ತಾನು ಬೇರೆ, ತಾಯಿ ಬೇರೆ ಎಂಬುದೇ ಗೊತ್ತಿರುವುದಿಲ್ಲ. ಮೆಲ್ಲಗೆ ಗೊತ್ತಾಗುತ್ತಾ ಬರುತ್ತದೆ, ಅದು ಮಗುವಿಗೆ ಕಷ್ಟದ ಕಾಲ. ಆಗ ಮಗು ಒಂದು ವಸ್ತುವನ್ನು ಹಿಡಿದುಕೊಳ್ಳುತ್ತದೆ. ಒಂದು ಬಟ್ಟೆ ತುಂಡು, ಹೊದಿಕೆ, ಗೊಂಬೆ. ಅದು ತಾಯಿಯಲ್ಲ, ಆದರೆ ತಾಯಿ ಇಲ್ಲದ ಹೊತ್ತಿನಲ್ಲಿ ತಾಯಿಯ ಜಾಗದಲ್ಲಿರುತ್ತದೆ. ನಮ್ಮಲ್ಲಿ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡು ಇಲ್ಲದೆ ಮಲಗದ ಮಕ್ಕಳು ಎಷ್ಟಿಲ್ಲ? ಒಗೆದರೆ ಅಳುತ್ತವೆ, ವಾಸನೆ ಹೋಗುತ್ತದೆ ಅಂತ. ದೊಡ್ಡದಾಗುತ್ತಾ ಮಗು ಅದನ್ನು ಎಲ್ಲೋ ಬಿಟ್ಟುಬಿಡುತ್ತದೆ. ಕಳೆದುಕೊಂಡೆ ಅಂತ ಅಳುವುದಿಲ್ಲ, ಮರೆಯುವುದೂ ಇಲ್ಲ. ಸುಮ್ನೆ ಬೇಕಾಗುವುದಿಲ್ಲ.

ನಾರ್ಮನ್‌ಗೆ ಅದು ಆಗಲಿಲ್ಲ. ಸಿನಿಮಾದ ಕೊನೆಯ ಭಾಗದಲ್ಲಿ ಮರಿಯನ್‌ಳ ತಂಗಿ ಲೀಲಾ ಆ ಮನೆಯೊಳಗೆ ಹೋಗುತ್ತಾಳೆ. ಮೊದಲು ತಾಯಿಯ ಕೋಣೆ. ಹಾಸಿಗೆಯಲ್ಲಿ ಮೈ ಒತ್ತಿದ ಗುರುತು ಹಾಗೇ ಇದೆ. ಆಮೇಲೆ ನಾರ್ಮನ್‌ನ ಕೋಣೆ. ಬೆಳೆದ ಗಂಡಸಿನ ಕೋಣೆಯಲ್ಲಿ ಚಿಕ್ಕ ಮಂಚ, ಆಟಿಕೆಗಳು, ಬಟ್ಟೆಯ ಒಂದು ಮೊಲ. ಭಯದ ದೃಶ್ಯಗಳ ನಡುವೆ ಕೆಲವೇ ಕ್ಷಣ ಬಂದು ಹೋಗುತ್ತದೆ, ಬಹಳ ಜನ ಗಮನಿಸುವುದೇ ಇಲ್ಲ. ನನಗೆ ಇಡೀ ಚಿತ್ರದಲ್ಲಿ ಅತಿ ದುಃಖದ ಜಾಗ ಅದು. ಆ ಮೊಲ ಇದ್ದರೂ ಸಾಲಲಿಲ್ಲ ಅವನಿಗೆ. ತಾಯಿಯನ್ನೇ ಗೊಂಬೆ ಮಾಡಿಕೊಳ್ಳಬೇಕಾಯಿತು.

ಪಾರ್ಕರ್ ಇಟ್ಟ ಹೆಸರು ಎಷ್ಟು ಒಳಗೆ ಹೋಗಿದೆ ನೋಡಿ. ಮನೆ ಎಂಬುದೇ ಆ ಸೀರೆಯ ತುಂಡು. ನಾರ್ಮನ್‌ಗೆ ಮಾತ್ರವಲ್ಲ, ನೋಡುವ ನಮಗೂ. ಅಮೆರಿಕದವರು ಬಾರ್ನ್ ಹಿಡಿದುಕೊಂಡಿದ್ದಾರೆ. ನಾನೂ ಬಿಡಿಸಿಕೊಂಡವನಲ್ಲ. ಅಜ್ಜಿಯ ಮನೆ ಮಾರಿ ಎಷ್ಟೋ ವರ್ಷವಾಗಿದೆ, ಇವತ್ತಿಗೂ ನನ್ನ ಕನಸೆಲ್ಲ ಅದರ ನಡುಮನೆಯಲ್ಲೇ ನಡೆಯುತ್ತದೆ.

ಈ ಸಿನಿಮಾವನ್ನು ಹಿಡಿದು ಕೆಲಸ ಮಾಡಿದವರು ಪಾರ್ಕರ್ ಒಬ್ಬರೇ ಅಲ್ಲ. ಸ್ಕಾಟ್ಲೆಂಡಿನ ಡಗ್ಲಸ್ ಗೋರ್ಡನ್ 1993ರಲ್ಲಿ '24 ಅವರ್ ಸೈಕೋ' ಮಾಡಿದರು. ಗ್ಲಾಸ್ಗೋದ ಟ್ರಾಮ್‌ವೇ ಎಂಬ ಕಲಾಕೇಂದ್ರದಲ್ಲಿ ಅದನ್ನು ತೋರಿಸಿದರು. 109 ನಿಮಿಷದ ಚಿತ್ರವನ್ನು ನಿಧಾನ ಮಾಡಿ 24 ಗಂಟೆಗೆ ಎಳೆದರು, ಶಬ್ದವಿಲ್ಲ. ಲೆಕ್ಕ ಹಾಕಿ: ಒಂದು ನಿಮಿಷದ್ದು 13 ನಿಮಿಷವಾಗುತ್ತದೆ. ಚಾಕು ಎತ್ತಿದ ಕೈ ಇಳಿಯುವುದೇ ಇಲ್ಲ. ಮುಂದೇನಾಗುತ್ತದೆ ಎಂಬ ಆತಂಕವೇ ಅಲ್ಲವೇ ಹಿಚ್‌ಕಾಕ್ ಅವರ ಕಲೆ? ಗೋರ್ಡನ್ ಆ ಆತಂಕವನ್ನು ಪೂರ್ತಿ ಕಳಚಿಹಾಕಿದರು. ಉಳಿಯುವುದು ಒಂದು ಮುಖ, ಒಂದು ಕೈ, ನೆರಳು. ನನಗೆ ಅದು ಇಷ್ಟ, ಆದರೆ ಅದು ತಲೆಯ ಕೆಲಸ. ಪಾರ್ಕರ್ ಮನೆಯ ಹಾಗೆ ಹೊಟ್ಟೆಗೆ ತಾಗುವುದಿಲ್ಲ.

ಹಿಂಬದಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಪಾರ್ಕರ್ ಎರಡೇ ಗೋಡೆ ಮಾಡಿದ್ದು ಖರ್ಚು ಉಳಿಸಲು ಅಲ್ಲ. ಹಿಚ್‌ಕಾಕ್ ಯೂನಿವರ್ಸಲ್ ಸ್ಟುಡಿಯೋದಲ್ಲಿ ಕಟ್ಟಿಸಿದ ಮನೆಯಲ್ಲೂ ಇದ್ದದ್ದು ಮುಂಭಾಗ ಮತ್ತು ಒಂದು ಪಕ್ಕ, ಅಷ್ಟೇ. ಕ್ಯಾಮೆರಾಕ್ಕೆ ಬೇಕಾದಷ್ಟು. ಉಳಿದ ಎರಡು ಗೋಡೆಯನ್ನು ಪ್ರಪಂಚದ ಪ್ರೇಕ್ಷಕರೇ ಕಟ್ಟಿಕೊಂಡರು. ಒಳಗಿನ ಕೋಣೆಗಳು, ಮೆಟ್ಟಿಲು, ನೆಲಮಾಳಿಗೆ ಎಲ್ಲ ಬೇರೆ ಕಡೆ ಹಾಕಿದ ಸೆಟ್. ಹೊರಗಿನ ಮನೆಯೊಳಗೆ ಯಾವತ್ತೂ ಏನೂ ಇರಲಿಲ್ಲ. ಸಿನಿಮಾ ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಈ ಸತ್ಯವನ್ನು ಪಾರ್ಕರ್ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಟ್ಟರು. ಮುಂದೆ ನಿಂತು ಹೆದರಿ, ಹಿಂದೆ ಬಂದು ಸಾರವೆ ನೋಡಿ ಅಂತ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತಿದ್ದೇನೆ. "ಸರ್, ಹಿಂದೆ ಏನೂ ಇಲ್ಲ ಅಂತ ನೋಡಿಬಿಟ್ಟ ಮೇಲೆ ಭಯ ಹೋಗಿಬಿಡಲ್ವಾ? ಆಮೇಲೆ ಅದು ಬರೀ ಹಲಗೆ ಅಲ್ವಾ?"

ಒಳ್ಳೆಯ ಪ್ರಶ್ನೆ ಕಣಮ್ಮಾ ಅಂದೆ. ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಗೆ ಹೋದವರಿಗೆ ಇದು ಗೊತ್ತಿರುತ್ತದೆ. ಸಂಜೆ ಚೌಕಿಯಲ್ಲಿ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂತಿರುತ್ತಾರೆ. ಮುಖದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ ಒಂದೊಂದಾಗಿ ಇಡುತ್ತಾರೆ, ಗಂಟೆಗಟ್ಟಲೆ. ನಡುವೆ ಎಲೆಯಡಿಕೆ ಹಾಕಿಕೊಳ್ಳುತ್ತಾರೆ, ನಮ್ಮನ್ನು ಮಾತಾಡಿಸುತ್ತಾರೆ, ಅಪ್ಪ ಚೆನ್ನಾಗಿದ್ದಾರಾ ಅಂತ ಕೇಳುತ್ತಾರೆ. ಎಲ್ಲ ನಮ್ಮ ಕಣ್ಣೆದುರೇ. ನಡುರಾತ್ರಿ ಕಳೆದ ಮೇಲೆ ಚೆಂಡೆಯ ಪೆಟ್ಟು ಏರಿ, ಅದೇ ಮನುಷ್ಯ ರಾಕ್ಷಸನಾಗಿ ಕೂಗುತ್ತಾ ಬಂದರೆ ಮಕ್ಕಳು ಅಮ್ಮನ ಸೆರಗಿನೊಳಗೆ ಸೇರಿಕೊಳ್ಳುತ್ತಾರೆ. ಚೌಕಿ ನೋಡಿದ ಮಕ್ಕಳೂ ಸೇರಿಕೊಳ್ಳುತ್ತಾರೆ. ಅವರು ಇನ್ನೂ ಸ್ವಲ್ಪ ಜಾಸ್ತಿಯೇ.

ಆ ಹುಡುಗಿಗೆ ಇನ್ನೊಂದು ವಿಷಯ ಹೇಳಿದೆ. ತಾರಸಿಯ ಮೇಲಿನ ಪ್ರದರ್ಶನ ಮುಗಿದದ್ದು ಅಕ್ಟೋಬರ್ 31ಕ್ಕೆ. ಅಮೆರಿಕದವರ ಹ್ಯಾಲೋವೀನ್, ಅವರು ಭೂತಪ್ರೇತಗಳ ವೇಷ ಹಾಕುವ ರಾತ್ರಿ. ಆಮೇಲೆ ಮನೆಯನ್ನು ಬಿಚ್ಚಿದರು. 2018ರಲ್ಲಿ ಅದು ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆಯ ಅಂಗಳದಲ್ಲಿ ಮತ್ತೆ ಎದ್ದು ನಿಂತಿತು. ಅಲ್ಲಿ ಗುಡ್ಡವೂ ಇಲ್ಲ, ತಾರಸಿಯೂ ಇಲ್ಲ. ಸುತ್ತ ಕಲ್ಲಿನ ಗಂಭೀರ ಕಟ್ಟಡಗಳು, ನಡುವೆ ನೆಲದ ಮೇಲೆ ಈ ಕೆಂಪು ಮರ. ಲಂಡನ್ನಿನದನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಸ್ಕೋಹಾರಿಯಲ್ಲಿ ಹುಲ್ಲು ಕಾಯುತ್ತಿದ್ದ ಹಲಗೆಗಳು ಎಷ್ಟು ದೂರ ಬಂದವು ಅಂತ ಯೋಚಿಸಿದೆ.

ನ್ಯೂಯಾರ್ಕಿನಲ್ಲಿ ಆ ದಿನ ತಾರಸಿಯಿಂದ ಇಳಿಯುವ ಮೊದಲು ನಾನು ಹಿಂಬದಿಯಿಂದ ಮತ್ತೆ ಮುಂದಕ್ಕೆ ಬಂದೆ. ಪೈಪುಗಳನ್ನು ಆಗ ತಾನೇ ಕೈಯಲ್ಲಿ ಮುಟ್ಟುವಷ್ಟು ಹತ್ತಿರದಿಂದ ನೋಡಿದ್ದೆ. ಒಳಗೆ ನಿಲ್ಲಲು ನೆಲವೇ ಇಲ್ಲ ಎಂಬುದು ಗೊತ್ತಿತ್ತು. ಆದರೂ ತಲೆ ತಾನಾಗಿಯೇ ಮೇಲೆದ್ದಿತು. ಮಹಡಿಯ ಕಿಟಕಿಯಲ್ಲಿ ಯಾರಾದರೂ ನಿಂತಿದ್ದಾರಾ ಅಂತ ನೋಡಿದೆ.